ಎಲ್ಲಿಗೆ ಎಂದು ಕೇಳದ ಮನೆ

ಆನಂದೀಬಾಯಿ ಕೂತಲ್ಲಿ ಕೂತದ್ದನ್ನು ವಿಜಯಪುರದ ಜಲನಗರದಲ್ಲಿ ಕಂಡವರಿಲ್ಲ. ನಾನು ಅವರ ಪಕ್ಕದ ಮನೆಯವಳು, ಚಂದ್ರಕಲಾ. ನಮ್ಮಿಬ್ಬರ ಅಂಗಳಗಳ ನಡುವೆ ಎದೆಮಟ್ಟದ ಒಂದು ಗೋಡೆಯಿದೆ. ಆ ಗೋಡೆಯ ಮೇಲೆ ಕೈಯೂರಿ ನನ್ನ ಜೊತೆ ಮಾತಾಡುವಾಗಲೂ ಅವರ ಕಾಲು ಸುಮ್ಮನಿರುವುದಿಲ್ಲ. ಚಪ್ಪಲಿ ಬಿಡುವುದು, ಹಾಕಿಕೊಳ್ಳುವುದು, ಮತ್ತೆ ಬಿಡುವುದು. ವಯಸ್ಸು ಅರವತ್ತು ದಾಟಿ ಸಾಕಷ್ಟು ದಿನವಾಯಿತು. ನನಗಿಂತ ಹತ್ತು ವರ್ಷ ದೊಡ್ಡವರು, ಆದರೆ ಜೊತೆಗೆ ನಡೆದರೆ ಹಿಂದೆ ಬೀಳುವವಳು ನಾನೇ. ಒಮ್ಮೊಮ್ಮೆ ಇದು ನನಗೆ ಸಿಟ್ಟು ತರಿಸುತ್ತದೆ.

ಅವರು ಅಥಣಿಯ ಮಾಸ್ತರರೊಬ್ಬರ ಮಗಳು. ಸಣ್ಣವರಿದ್ದಾಗ ಒಂದು ದಿನ ನಿಂತಿದ್ದ ಬಸ್ಸು ಹತ್ತಿ, ಸೀಟಿನ ಮೇಲೆ ಮಂಡಿಯೂರಿ, ಕಿಟಕಿಗೆ ಮೂಗು ಹಚ್ಚಿಕೊಂಡು ತಿಕೋಟಾದವರೆಗೆ ಬಂದುಬಿಟ್ಟಿದ್ದರಂತೆ. ಕಂಡಕ್ಟರ್ ಗಾಬರಿಯಾಗಿ, "ಎಲ್ಲಿಗಿ ಹೊಂಟೀಯವಾ?" ಎಂದು ಕೇಳಿದರೆ "ಮುಂದಕ್ಕ" ಎಂದರಂತೆ. ಮುಂದಕ್ಕ ಎಂಬ ಊರು ಯಾವ ಬಸ್ಸಿನ ಫಲಕದಲ್ಲೂ ಇಲ್ಲವಾದ್ದರಿಂದ ಎದುರಿನಿಂದ ಬಂದ ಬಸ್ಸಿಗೆ ಹತ್ತಿಸಿ ಅಥಣಿಗೆ ವಾಪಸ್ ಕಳಿಸಿದರು. ಈ ಕಥೆಯನ್ನು ಅವರು ನನಗೆ ಎಷ್ಟೋ ಸಲ ಹೇಳಿದ್ದಾರೆ. ವಾಪಸ್ ಕಳಿಸಿದ ಭಾಗ ಬಂದಾಗ ಪ್ರತಿ ಸಲವೂ ಅವರ ಮುಖ ಸಪ್ಪಗಾಗುತ್ತದೆ.

ಇಂಥ ಹೆಂಗಸಿಗೆ ಸಿಕ್ಕ ನೌಕರಿ ಟೆಲಿಫೋನ್ ಎಕ್ಸ್‌ಚೇಂಜಿನದು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಕುರ್ಚಿ ಬಿಟ್ಟು ಏಳದೆ, ದಿನವಿಡೀ "ಯಾವ ಊರು ಬೇಕು?" ಎಂದು ಮಂದಿಯನ್ನು ಕೇಳುವುದು. ಸೊಲ್ಲಾಪುರ, ಮುಂಬಯಿ, ನಾಗಪುರ ಎಲ್ಲವನ್ನೂ ಇವರೇ ಜೋಡಿಸಿ ಕೊಡಬೇಕು, ಒಂದನ್ನೂ ಕಣ್ಣಿಂದ ಕಾಣುವಂತಿಲ್ಲ. ಟ್ರಂಕ್ ಕಾಲ್‌ಗಳ ಕಾಲ ಮುಗಿದ ಮೇಲೆ ಬಿಲ್ಲು ಕಟ್ಟಿಸಿಕೊಳ್ಳುವ ಕಿಟಕಿಗೆ ಹಾಕಿದರು. ಅಲ್ಲೂ ಅದೇ ಕುರ್ಚಿ. ನಿವೃತ್ತಿಯಾದ ದಿನ ಸನ್ಮಾನದ ಶಾಲು ಹೊದ್ದುಕೊಂಡವರು ಮನೆಗೆ ಬರಲೇ ಇಲ್ಲ, ನೆಟ್ಟಗೆ ಬಸ್ ನಿಲ್ದಾಣಕ್ಕೆ ಹೋಗಿ ಪಂಢರಪುರದ ಬಸ್ ಹತ್ತಿದರು.

ಅವರ ಯಜಮಾನರು ಸದಾಶಿವರಾಯರು ಇದಕ್ಕೆ ತದ್ವಿರುದ್ಧ. ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ವರಾಂಡದಲ್ಲಿ ಒಂದು ಬೆತ್ತದ ಕುರ್ಚಿ, ಕೈಯಲ್ಲಿ ಪೇಪರು, ಅಷ್ಟಾದರೆ ಅವರಿಗೆ ಜಗತ್ತು ಸಾಕು. ಹೆಂಡತಿ ಯಾರದೋ ಮಗಳ ನಿಶ್ಚಿತಾರ್ಥವೆಂದೋ ಮಹಿಳಾ ಮಂಡಲದ ಪ್ರವಾಸವೆಂದೋ ಚೀಲ ಹಿಡಿದು ಹೊರಟರೆ ಪೇಪರು ಇಳಿಸಿ ಗೇಟಿನವರೆಗೆ ಬರುತ್ತಾರೆ, ಗೇಟು ಹಾಕಿಕೊಳ್ಳುತ್ತಾರೆ. ಮಾತಿಲ್ಲ.

ನಮ್ಮ ಕಡೆ ಹೊರಟವರನ್ನು ಎಲ್ಲಿಗೆ ಎಂದು ಕೇಳುವಂತಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಕೇಳಿಸಿಕೊಂಡವರು ವಾಪಸ್ ಒಳಗೆ ಬಂದು, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ತಡೆಯಲಾರದವರು "ದೂರ ಹೊಂಟೀರೇನ್ರಿ?" ಎಂದಾದರೂ ಕೇಳಿ ಹೊಟ್ಟೆ ತಣ್ಣಗೆ ಮಾಡಿಕೊಳ್ಳುತ್ತಾರೆ. ರಾಯರು ಅದನ್ನೂ ಕೇಳಿದವರಲ್ಲ.

"ನಾ ಕಾಶಿಗೆ ಹೋದ್ರೂ ಅಷ್ಟಽ, ಕಾಯಿಪಲ್ಯಾಕ್ಕ ಹೋದ್ರೂ ಅಷ್ಟಽ ಅವರಿಗೆ," ಎಂದು ಆನಂದೀಬಾಯಿ ಗೋಡೆಯ ಮೇಲಿನಿಂದ ನನಗೆ ಹೇಳುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಆದರೆ ಅದು ನಗುವ ಮಾತಾಗಿರಲಿಲ್ಲ. ತಮ್ಮ ಗಂಡನಿಗೆ ತಮ್ಮ ಬಗ್ಗೆ ಬೇಕು ಬೇಡ ಎಂಬುದೇ ಇಲ್ಲ ಎಂದು ಅವರು ನಂಬಿಬಿಟ್ಟಿದ್ದರು.

ಅವರದು ಇನ್ನೊಂದು ತಕರಾರಿತ್ತು. ಒಂದು ದಿನ ಊರು ಬಿಟ್ಟು ಬಂದರೆ ಸಾಕು, ಮನೆಯಲ್ಲಿ ಕಸ ಹಾಗೇ ಬಿದ್ದಿರುತ್ತದೆ. ಇದಕ್ಕಾಗಿ ಹಿಂದೆ ಕೆಲಸದವರನ್ನು ಬದಲಿಸಿದ್ದೂ ಉಂಟು. ಈಗ ಬರುವ ನಿರ್ಮಲಾಗೂ ಬೈಗುಳ ತಪ್ಪಿದ್ದಲ್ಲ. ಅವಳು ಕಸಬರಿಗೆ ಹಿಡಿದು ನೆಲ ನೋಡುತ್ತ ನಿಲ್ಲುತ್ತಾಳೆಯೇ ಹೊರತು ಬಾಯಿ ಬಿಡುವುದಿಲ್ಲ. ನಾನೂ ಅವಳನ್ನು ಮೈಗಳ್ಳಿ ಎಂದೇ ತಿಳಿದಿದ್ದೆ.

ಅರವತ್ತನೆಯ ವಯಸ್ಸಿನಲ್ಲಿ ಆನಂದೀಬಾಯಿ ಕಾರು ಕಲಿತರು. ಲೈಸೆನ್ಸೂ ಬಂತು. ಬಂದು ಏನಾಯಿತು? ಮಗ ನಂದಕಿಶೋರ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ, ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಮನೆ ಮಾಡಿದ್ದಾನೆ, ಬಾಗಿಲಲ್ಲಿ ಕಾರಿದೆ. ಕೀಲಿ ಕೇಳಿದರೆ, "ನಿನಗ ಎಲ್ಲೆ ಹೋಗಬೇಕಂದ್ರ ನಾ ಬಿಡ್ತೇನಲ್ಲವಾ" ಎನ್ನುತ್ತಾನೆ. ಬಾಡಿಗೆ ಗಾಡಿಗಳ ಫಯಾಜನ ಬಳಿ ಹೋಗಿ ಲೈಸೆನ್ಸ್ ತೋರಿಸಿದರೆ, ಅವನು ಎರಡೂ ಕೈಯಿಂದ ಅದನ್ನು ತೆಗೆದುಕೊಂಡು, ಹಿಂದೆ ಮುಂದೆ ನೋಡಿ, "ನಂದಕಿಶೋರ ಸರ್‌ಗ ಒಂದ್ ಮಾತ ಕೇಳ್ತೇನ್ರಿ ಬಾಯಾರ" ಎಂದ. ಊರೆಲ್ಲ ಅವರನ್ನು ಬಲ್ಲದು, ಅದಕ್ಕೇ ಊರಲ್ಲಿ ಅವರಿಗೆ ಗಾಡಿ ಸಿಗುವುದಿಲ್ಲ. ಇನ್ನು ರಾಯರನ್ನು ಕೇಳಿದ್ದಕ್ಕೆ, "ನನಗೆಲ್ಲಿ ಹೋಗೋದದ? ನೀ ಹೋಗಿ ಬಾ" ಎಂದಿದ್ದರು.

ಕಳೆದ ಸಂಕ್ರಾಂತಿ ಮುಗಿದ ಮೇಲೆ ಮಗ ಮತ್ತು ಸೊಸೆ ಶರ್ವರಿ ದಿಲ್ಲಿಗೆ ಒಂದು ಮದುವೆಗೆ ಹೊರಟರು. ಹುಬ್ಬಳ್ಳಿಯಿಂದ ವಿಮಾನ. ಕಳಿಸಿ ಬರಲು ಆನಂದೀಬಾಯಿ ಹೋಗುತ್ತೇನೆಂದರು, ಜೊತೆಗಿರಲಿ ಎಂದು ನನ್ನನ್ನೂ ಎಳೆದರು. ಫಯಾಜನ ಗಾಡಿ. ನಸುಕಿನಲ್ಲೇ ರಾಯರು ಗೇಟಿಗೆ ಬಂದು ಎಲ್ಲರ ಅಂಗೈಗೂ ಒಂದೊಂದು ಚಮಚ ಮೊಸರು ಸಕ್ಕರೆ ಹಾಕಿದರು. ಮಾತಿಲ್ಲ.

ಮಗ ಸೊಸೆ ವಿಮಾನ ನಿಲ್ದಾಣದ ಒಳಗೆ ಹೋದದ್ದೇ ತಡ, ಆನಂದೀಬಾಯಿ ಫಯಾಜನ ಕಡೆ ತಿರುಗಿ, "ನೀ ಊರಿಗೆ ನಡಿ" ಎಂದರು. ಅವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

"ನೀವು ಬ್ಯಾರೆ ಎದ್ರಾಗ ಬರ್ತೀರಿ ಬಾಯಾರ?"

"ಕಾರಿನ್ಯಾಗ."

"ಮನ್ಯಾಗ ಏನಂತ ಹೇಳ್ಲಿ?"

"ಕಾರಿನ್ಯಾಗ ಬರ್ತಾರ ಅಂತ ಹೇಳು. ಖರೇನ ಅದ ಅಲ್ಲ."

ಹೊರಗಿನ ಕಾರು ನಿಲ್ಲಿಸುವ ಕಡೆ ಬಾಡಿಗೆ ಗಾಡಿಯವರ ಒಂದು ಚಿಕ್ಕ ಕೌಂಟರು. ಅಲ್ಲಿ ನಾವೇ ಓಡಿಸಿಕೊಂಡು ಹೋಗುವ ಕಾರು ಕೊಡುತ್ತಾರೆ. ಮೊದಲೇ ಫೋನಿನಲ್ಲಿ ಕಾಯ್ದಿರಿಸಿಯಾಗಿತ್ತು, ಕಾಯ್ದಿರಿಸಿ ಕೊಟ್ಟವಳು ಆ ಸಾಧು ಮುಖದ ಸೊಸೆ. ಇದು ನನಗೆ ಗೊತ್ತಾದದ್ದು ಆಮೇಲೆ. ಕೌಂಟರಿನ ಹುಡುಗಿ ಲೈಸೆನ್ಸ್ ನೋಡಿದಳು, ಆನಂದೀಬಾಯಿಯ ಮುಖ ನೋಡಿದಳು, ನಕ್ಕು ಕೀಲಿ ತೆಗೆದಳು. ಮಗನನ್ನು ಕೇಳಬೇಕು ಎನ್ನಲಿಲ್ಲ.

"ಎಲ್ಲಿಗೆ ಹೋಗ್ತೀರಿ ಮೇಡಂ?" ಎಂದು ಮಾತ್ರ ಕೇಳಿದಳು.

ನಾನು ಹೌಹಾರಿದೆ. ಕಾರು ಇನ್ನೂ ಕೈಗೆ ಬಂದಿಲ್ಲ, ಆಗಲೇ ಬಾಯಿ ಹಾಕಿದಳಲ್ಲ ಎಂದು ಸಿಟ್ಟು ಬಂತು. ಆನಂದೀಬಾಯಿಯನ್ನು ಕೈ ಹಿಡಿದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ಬಾಟಲಿಯ ನೀರು ಕುಡಿಸಿದೆ. ಮೇಡಂಗೆ ಬಿ.ಪಿ. ಇದೆಯಾ ಎಂದು ಆ ಹುಡುಗಿ ಗಾಬರಿಯಾದಳು. ನೀರು ಕುಡಿದು ಎದ್ದ ಆನಂದೀಬಾಯಿ, "ಮುಂದಕ್ಕ" ಎಂದರು. ಹುಡುಗಿ ಕಂಪ್ಯೂಟರಿನಲ್ಲಿ ಪ್ರವಾಸ ಎಂದು ಬರೆದುಕೊಂಡಿರಬೇಕು. ಮರುದಿನ ಸಂಜೆಯೊಳಗೆ ಗಾಡಿಯನ್ನು ಅಲ್ಲಿಗೇ ಮುಟ್ಟಿಸಬೇಕು ಎಂದು ಎರಡು ಸಲ ಹೇಳಿದಳು.

ಬಿಳಿ ಕಾರು, ಕರಿ ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ. ಆನಂದೀಬಾಯಿ ಸೀಟು ಮುಂದಕ್ಕೆ ಎಳೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕನ್ನಡಿ ಸರಿ ಮಾಡಿಕೊಂಡರು. ನಾನು ಪಕ್ಕದಲ್ಲಿ ಕೂತು ಗೊತ್ತಿದ್ದ ದೇವರ ಹೆಸರುಗಳನ್ನೆಲ್ಲ ಹೇಳಿಕೊಂಡೆ. ಗೋಕುಲ ರಸ್ತೆಯ ಗದ್ದಲದಲ್ಲಿ ಒಂದೆರಡು ಸಲ ಗಾಡಿ ಜಗ್ಗಿ ನಿಂತಿತು, ಹಿಂದಿನವರು ಹಾರ್ನ್ ಹೊಡೆದು ಬೈದರು. ಇವರು ಕಿವಿಗೆ ಹಾಕಿಕೊಳ್ಳಲಿಲ್ಲ. ಊರು ದಾಟಿದ ಮೇಲೆ ಕಾರು ಸರಾಗವಾಯಿತು. ಹೆದ್ದಾರಿ ಬೇಡವೆಂದು ನರಗುಂದ ದಾಟಿ ಲೋಕಾಪುರ, ಮುಧೋಳದ ದಾರಿ ಹಿಡಿದರು. ಎರಡೂ ಕಡೆ ತೆನೆ ಬಿಟ್ಟ ಬಿಳಿಜೋಳ, ಅಂಚಿನಲ್ಲಿ ಕುಸುಬೆಯ ಕೇಸರಿ ಹೂ. ಕಬ್ಬಿನ ಗಾಡಿಗಳನ್ನು ಹಿಂದೆ ಹಾಕುವಾಗ ನಾನು ಕಣ್ಣು ಮುಚ್ಚಿಕೊಂಡೆ, ಅವರು ಹಾಡು ಗುನುಗುತ್ತಿದ್ದರು. ಅಷ್ಟು ಸಂತೋಷವಾಗಿ ನಾನು ಅವರನ್ನು ಹಿಂದೆ ನೋಡಿರಲಿಲ್ಲ.

ದಾರಿಯಲ್ಲಿ ಮನಸ್ಸಿನಲ್ಲಿದ್ದದ್ದನ್ನು ಹೇಳಿದರು. "ಈ ಗಾಡಿ ಒಯ್ದು ಮನಿ ಮುಂದ ನಿಲ್ಲಸ್ತೇನಿ ಚಂದ್ರಾ. ನಾಳೆ ಇದನ್ನ ತಿರುಗಿ ಕೊಡೂ ಮುಂದ ಅವರು ಒಮ್ಮೆ ನನ್ನ ಬಾಜೂಕ ಕೂಡಬೇಕು. ಕೂತ್ರ ಕೂತ್ರು. ಇಲ್ಲಂದ್ರ ಲೈಸೆನ್ಸ್ ಕಪಾಟಿನ್ಯಾಗ ಇಟ್ಟು ಬಿಡ್ತೇನಿ. ಮತ್ತ ಕೇಳಂಗಿಲ್ಲ."

"ಕೂಡ್ತಾರ ಬಿಡ್ರಿ ಅಕ್ಕಾ," ಎಂದೆ. ಒಳಗೆ ನನಗೆ ನಂಬಿಕೆಯಿರಲಿಲ್ಲ.

ಮಿರಜದ ಕಥೆಯನ್ನೂ ಆಗಲೇ ಹೇಳಿದ್ದು. ಮದುವೆಯಾದ ಹೊಸದರಲ್ಲಿ ಮಿರಜದಲ್ಲಿ ರೈಲ್ವೆಯ ನೌಕರಿಗೆ ಸಂದರ್ಶನಕ್ಕೆ ಕರೆದಿದ್ದರಂತೆ. ಸಿಕ್ಕಿದ್ದರೆ ಪಾಸಿನ ಮೇಲೆ ದೇಶವೆಲ್ಲ ತಿರುಗಬಹುದಿತ್ತು. ಮನೆ ತುಂಬ ಜನ. ಇವರು ಹೊಸ್ತಿಲು ದಾಟುವ ಹೊತ್ತಿಗೆ ಹಿಂದಿನಿಂದ ಯಾರೋ ಎಲ್ಲಿಗೆ ಎಂದು ಕೇಳಿಬಿಟ್ಟರು. ಅತ್ತೆ ಓಡಿ ಬಂದು ಕೈ ಹಿಡಿದು ಒಳಗೆ ಎಳೆದು, ಕೂರಿಸಿ, ನೀರು ತಂದುಕೊಟ್ಟರು. ಕುಡಿದು ನಿಲ್ದಾಣಕ್ಕೆ ಓಡಿದರೆ ಬಸ್ಸು ಹೋಗಿತ್ತು.

"ಕೇಳಿದೋರು ಯಾರು?"

"ಯಾರಿಗೆ ನೆನಪದ. ಅತ್ತಿ ಕೈಯಾಗಿನ ತಂಬಿಗಿ ಮಾತ್ರ ನೆನಪದ," ಎಂದರು. ಅತ್ತೆ ತೀರಿಕೊಂಡು ಎಷ್ಟೋ ಕಾಲವಾದರೂ ಆ ಸಿಟ್ಟು ಹೋಗಿರಲಿಲ್ಲ.

ಜಮಖಂಡಿ ದಾಟಿ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಯನ್ನು ನೋಡಲು ಇಳಿದಾಗ ನನ್ನ ಫೋನ್ ರಿಂಗಾಯಿತು. ಫಯಾಜ. ಹೆದ್ದಾರಿಯಲ್ಲಿ ಹೋದವನು ಆಗಲೇ ವಿಜಯಪುರ ಮುಟ್ಟಿದ್ದ. ಆನಂದೀಬಾಯಿ ಫೋನ್ ಕಸಿದುಕೊಂಡರು.

"ನಮ್ಮನಿಯವರಿಗೆ ಹೇಳಿದಿ?"

"ಹೇಳೇನ್ರಿ ಬಾಯಾರ. ಬಾಯಾರು ತಾವ ಕಾರು ಹೊಡ್ಕೊಂಡು ಬರಾಕತ್ತಾರ ಅಂದೆ."

"ಏನಂದ್ರು?"

"ಹೌದಾ, ಅಂದ್ರು ಬಾಯಾರ."

"ಮತ್ತ?"

"ಅಷ್ಟರಿ."

ಫೋನ್ ನನ್ನ ಕೈಗೆ ಬಂತು. ನದಿ ನೋಡಲು ಇಳಿದವರು ನದಿ ನೋಡಲಿಲ್ಲ. ಚಪ್ಪಲಿ ಬಿಟ್ಟರು, ಹಾಕಿಕೊಂಡರು. "ನಡಿ" ಎಂದು ಗಾಡಿ ಹತ್ತಿದರು. ಹಾಡು ನಿಂತಿತು. ತಮ್ಮ ಫೋನನ್ನು ಸ್ಟೇರಿಂಗಿನ ಎದುರಿಗೆ ಕಾಣುವಂತೆ ಇಟ್ಟುಕೊಂಡರು. ರಾಯರ ಫೋನ್ ಬರುತ್ತದೆ ಎಂದು ಕಾಯುತ್ತಿದ್ದಾರೆ ಎನ್ನುವುದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅದು ಬರಲಿಲ್ಲ.

ಬಬಲೇಶ್ವರ ಬಂತು, ಹೋಯಿತು. ಇನ್ನೇನು ಊರು, ಮನೆ, ಊಟ ಎಂದು ನಾನು ಕಾಲು ಚಾಚಿದೆ. ವಿಜಯಪುರದ ಹೊರಗಿನ ಮನೆಗಳು ಕಂಡದ್ದೇ ಆನಂದೀಬಾಯಿ ಗಾಡಿಯನ್ನು ಪಕ್ಕಕ್ಕೆ ತೆಗೆದು, ಸ್ಟೇರಿಂಗ್ ಪೂರ್ತಿ ತಿರುಗಿಸಿದರು. ಬಂದ ದಾರಿಯಲ್ಲೇ ವಾಪಸ್.

"ಇದೇನ್ರಿ ಅಕ್ಕಾ?"

"ನಿಮ್ಮ ಚಿಗವ್ವನ್ನ ನೋಡಿ ಭಾಳ ದಿನಾತಲ್ಲ. ಮಮದಾಪುರಕ್ಕ ಹೋಗೂಣು."

ಮಮದಾಪುರದಲ್ಲಿರುವ ನನ್ನ ಚಿಗವ್ವ, ಅಂದರೆ ಚಿಕ್ಕಮ್ಮ, ಮುದುಕವ್ವನನ್ನು ಅವರು ಜೀವಮಾನದಲ್ಲಿ ನೋಡಿರಲಿಲ್ಲ. ಆದರೂ ಹೋದೆವು. ಕೆರೆಯ ಏರಿ ಬಳಸಿ, ಕುರಿಗಳ ನಡುವೆ ದಾರಿ ಮಾಡಿಕೊಂಡು, ಚಿಗವ್ವನ ಕಟ್ಟೆಯ ಮುಂದೆ ಕಾರು ನಿಂತಿತು. ಹೆಂಗಸು ಕಾರು ಓಡಿಸಿಕೊಂಡು ಬಂದದ್ದನ್ನು ಕಂಡು ಚಿಗವ್ವನಿಗೆ ಎಷ್ಟು ಹಿಗ್ಗಾಯಿತೆಂದರೆ, ಒಳಗಿನಿಂದ ಭಂಡಾರ ತಂದು ಕಾರಿನ ಮುಂಭಾಗಕ್ಕೆಲ್ಲ ಬಳಿದಳು. ಬಾಡಿಗೆ ಗಾಡಿ ಎಂದು ನಾನು ಹೇಳುವಷ್ಟರಲ್ಲಿ ಅರಿಷಿಣದ ಐದು ಬೆರಳು ಬಿಳಿ ಬಣ್ಣದ ಮೇಲೆ ಕೂತಿದ್ದವು. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಕೆನೆ ಮೊಸರು ಬಡಿಸಿದಳು. ನಾನು ಚೆನ್ನಾಗಿ ಉಂಡೆ. ಆನಂದೀಬಾಯಿ ಕೈಯಲ್ಲಿ ರೊಟ್ಟಿ ಹಿಡಿದು ಅಂಗಳದಲ್ಲೇ ಅಡ್ಡಾಡಿದರು.

"ಮನ್ಯಾಗ ಯಾರ ಅದಾರ ಯವ್ವಾ?" ಎಂದಳು ಚಿಗವ್ವ.

"ನಮ್ಮನಿಯವರು ಅದಾರ."

"ಹಾದಿ ಕಾಯ್ತಿರತಾರ. ಮನಿ ಮುಟ್ಟು."

"ಕಾಯೂ ಮಂದಿ ಅಲ್ಲ ಬೇ ಅವರು," ಎಂದರು ಆನಂದೀಬಾಯಿ. ಚಿಗವ್ವ ಅವರ ಕೈಗೆ ಇನ್ನೊಂದು ರೊಟ್ಟಿ ಕೊಟ್ಟಳು.

ನಾವು ಕಾರು ಹತ್ತುವಾಗ ಚಿಗವ್ವನ ಸೊಸೆ ಲಕ್ಷ್ಮಿ ಕಟ್ಟೆಯ ಮೇಲಿನ ರೊಟ್ಟಿಯ ಪುಡಿ ಗುಡಿಸಲು ಬಂದಳು. ಚಿಗವ್ವ ಅವಳ ಕೈ ಹಿಡಿದಳು. "ಇಡಽ ಕಸಬರಿಗಿ. ಹೊಂಟವರು ಅಗಸಿ ದಾಟಲಿ, ಆಮ್ಯಾಲೆ ಹೊಡಿಯಂತಿ." ಹೊರಟವರು ಊರ ಅಗಸಿಬಾಗಿಲು ದಾಟುವ ಮೊದಲೇ ಅವರ ಬೆನ್ನಿಗೆ ಕಸ ಗುಡಿಸಬಾರದು ಎನ್ನುವುದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು.

ಅಲ್ಲಿಂದ ಮತ್ತೆ ಬಬಲೇಶ್ವರ. ವಿಜಯಪುರದ ಕಡೆ ತಿರುಗಬೇಕಾದಲ್ಲಿ ತಿರುಗದೆ ಆನಂದೀಬಾಯಿ ತಿಕೋಟಾದ ದಾರಿ ಹಿಡಿದರು. ದ್ರಾಕ್ಷಿ ತೋಟ ನೋಡಬೇಕಂತೆ. ನೋಡಿದೆವು. ತಿಕೋಟಾದಿಂದ ಅಥಣಿ ರಸ್ತೆಗೆ ಬಿದ್ದು ಮತ್ತೆ ಊರಿನ ಕಡೆ. ಮಗನ ಬಡಾವಣೆಯ ಕಮಾನು ಕಂಡಿತು. ಅಲ್ಲಿಂದಲೂ ಗಾಡಿ ತಿರುಗಿತು. ಆಗ ನನ್ನ ತಾಳ್ಮೆ ಮುಗಿಯಿತು.

"ಅಕ್ಕಾ, ನನಗ ಮನಿ ಐತಿ. ಗಾಣದೆತ್ತಿನಂಗ ಇದೇನ ಸುತ್ತಾಟ? ಹೋಗಿ ಕೇಳ್ರಿ. ಬರ್ತೀನಿ ಅಂದ್ರ ಬರ್ತಾರ, ಇಲ್ಲಂದ್ರ ಇಲ್ಲ."

"ಅದ ಇಲ್ಲಾ ಅನ್ನೂದು ಕೇಳೂದು ಬ್ಯಾಡಾಗೇದ ನನಗ," ಎಂದರು. "ಇಷ್ಟು ವರ್ಷ ಎಲ್ಲೆ ಹೋದೆ, ಯಾಕ ಹೋದೆ, ಒಮ್ಮೆ ಕೇಳ್ಯಾರೇನು? ಇವತ್ತ ಹೆಂಡತಿ ಒಬ್ಬಾಕಿನ ಕಾರು ಹೊಡ್ಕೊಂಡು ಹೋಗ್ಯಾಳ ಅಂದ್ರ, ಹೌದಾ, ಅಂತಾರ. ಎಲ್ಲೆರೆ ಬಿದ್ದು ಸತ್ತಿದ್ರ ಏನಂತಿದ್ರು?"

ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಸಿಟ್ಟು ರಾಯರ ಮೇಲೆ.

ತಿಕೋಟಾದ ಈಚೆಗೆ ಒಂದು ದ್ರಾಕ್ಷಿ ತೋಟದ ಬೇಲಿಯ ಪಕ್ಕ ಗಾಡಿ ನಿಲ್ಲಿಸಿದರು. ಬಿಸಿಲು ಇಳಿದಿತ್ತು. ಚಪ್ಪರದ ಕೆಳಗೆ ಗೊಂಚಲುಗಳು ಇನ್ನೂ ಹಸಿರಾಗಿ ಜೋತು ಬಿದ್ದಿದ್ದವು. ಆಗ ನನ್ನ ಫೋನ್ ಮತ್ತೆ ರಿಂಗಾಯಿತು. ನಿರ್ಮಲಾ. ಇಬ್ಬರಿಗೂ ಕೇಳುವಂತೆ ದೊಡ್ಡದು ಮಾಡಿದೆ.

"ಅಕ್ಕಾರ, ನಮ್ಮ ಬಾಯಾರು ಎಲ್ಲಿ ಮಟಾ ಬಂದಾರ್ರಿ?"

"ಯಾಕ?"

"ರಾಯರು ಕಸಾ ಹೊಡಿಯಾಕ ಬಿಡವಲ್ರಿ. ಮುಂಜಾನೆ ಬಂದ್ರ ಬಾಯಾರು ಮುಟ್ಟಿದ ಮ್ಯಾಲೆ ಹೊಡಿ ಅಂದ್ರು. ಈಗ ಬಂದ್ರೂ ಅದನ್ನ ಅನ್ನಾಕತ್ತಾರ. ಹಾಲಿನ ಗಿಂಡಿ ಬಿದ್ದು ಅಡಗಿಮನಿ ತುಂಬ ಇರುವಿ ಮುತ್ಯಾವ್ರಿ. ನಾ ಹೊಳ್ಳಿ ಹೋಗ್ಲ್ಯೋ, ಕುಂದರ್ಲ್ಯೋ?"

ಆನಂದೀಬಾಯಿ ಫೋನಿನ ಕಡೆ ಬಗ್ಗಿದರು. "ಏನಂದಿ? ಯಾರು ಬ್ಯಾಡಂದ್ರು?"

ಆ ಕಡೆ ನಿರ್ಮಲಾ ಹೆದರಿದಳು. ಆಮೇಲೆ ಮೆಲ್ಲಗೆ, "ರಾಯರರಿ. ನೀವು ಊರಿಗೆ ಹೋದಾಗೊಮ್ಮೆ ಹಿಂಗರಿ ಬಾಯಾರ. ನೀವು ಬಂದು ಒಳಗ ಕಾಲಿಡೂತನಕಾ ಕಸಬರಿಗಿ ಮುಟ್ಟಗೊಡೂದಿಲ್ಲ. ನಿಮಗ ಹೇಳಬ್ಯಾಡ ಅಂದಿದ್ರು," ಎಂದಳು.

ಊರ ಮಂದಿ ಹೊರಟವರು ಅಗಸಿ ದಾಟುವ ತನಕ ಕಾಯುತ್ತಾರೆ. ರಾಯರು ಹೆಂಡತಿ ವಾಪಸ್ ಬಂದು ಮನೆ ಮುಟ್ಟುವ ತನಕ ಕಾಯುತ್ತಿದ್ದರು. ಪ್ರತಿ ಸಲ. ಪಂಢರಪುರದ ದಿನವೂ, ನಿಶ್ಚಿತಾರ್ಥಗಳ ದಿನವೂ. ಅಷ್ಟು ವರ್ಷ ಆ ಕಸಕ್ಕಾಗಿ ಯಾರು ಯಾರೋ ಬೈಸಿಕೊಂಡಿದ್ದರು. ಆನಂದೀಬಾಯಿ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ತೋಟದ ಕಡೆ ನೋಡುತ್ತ ಕೂತರು. ಕಾಲು ಅಲುಗಲಿಲ್ಲ. ಅವರು ಹಾಗೆ ಕೂತದ್ದು ನೋಡಿ ನನಗೆ ಭಯವಾಯಿತು. ಆಮೇಲೆ ಮೂಗು ಒರೆಸಿಕೊಂಡು ಕೀಲಿ ತಿರುಗಿಸಿದರು, ಈ ಸಲ ಎಲ್ಲೂ ತಿರುಗದೆ ಜಲನಗರ ಮುಟ್ಟಿದರು.

ರಾಯರು ಕುರ್ಚಿಯಲ್ಲಿರಲಿಲ್ಲ. ಗೇಟಿನ ಹೊರಗೆ ಬೀದಿಯಲ್ಲಿ ನಿಂತಿದ್ದರು. ಕಾರು ನಿಂತ ಮೇಲೆ ಒಮ್ಮೆ ಹೆಂಡತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮುಟ್ಟಿದಿ?" ಎಂದರು. ಒಳಗೆ ತಿರುಗಿ, "ನಿರ್ಮಲಾ, ಈಗ ಹೊಡಿಯವಾ ಕಸ" ಎಂದರು.

"ಒಂದು ಫೋನರೆ ಮಾಡಬಾರದೇನ್ರಿ?" ಎಂದರು ಆನಂದೀಬಾಯಿ.

"ಗಾಡಿ ಹೊಡಿಯೋರಿಗೆ ಫೋನ್ ಮಾಡಬಾರದು."

"ಎಲ್ಲಿಗೆ ಹೋಗ್ಯಾಳ ಅಂತ ಫಯಾಜನ್ನರೆ ಕೇಳಬಾರದೇನು?"

ರಾಯರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ಒಮ್ಮೆ ಕೇಳೇನಿ. ಅಷ್ಟು ಸಾಕಾಗೇದ."

"ಯಾವಾಗ?"

"ನೀ ಮಿರಜಕ್ಕ ಹೊಂಟಾಗ."

ಬೀದಿಯಲ್ಲಿ ಯಾರದೋ ಸ್ಕೂಟರ್ ಹೋಯಿತು. ಆನಂದೀಬಾಯಿ ಕಾರಿನ ಬಾಗಿಲು ಹಾಕಿ ಗಂಡನ ಎದುರಿಗೆ ಬಂದರು.

"ಕೇಳಿದವರು ನೀವಾ?"

"ಅವತ್ತ ಮುಂಜಾನೇನ ಕ್ಯಾಂಪಿನಿಂದ ಬಂದಿದ್ದೆ. ನನಗೇನೂ ಗೊತ್ತಿದ್ದಿಲ್ಲ. ನೀ ಹಸಿರು ಸೀರಿ ಉಟ್ಕೊಂಡು ಹೊಸ್ತಲದಾಗ ಇದ್ದಿ. ಚಂದ ಕಂಡಿ, ಬಾಯಿಗೆ ಬಂತು, ಕೇಳಿಬಿಟ್ಟೆ." ರಾಯರು ಕನ್ನಡಕ ಹಾಕಿಕೊಂಡರು. "ಅವ್ವ ನೀರು ತಂದ್ಲು. ನಿನ್ನ ಬಸ್ಸು ಹೋತು. ನಿನ್ನ ಕಾಲು ಕಟ್ಟಿ ಹಾಕಿದಾಂವ ನಾನು. ಆವತ್ತಿನಿಂದ ಬಾಯಿ ಬಿಗಿ ಹಿಡಕೊಂಡೇನಿ."

ಆನಂದೀಬಾಯಿ ಕಾರಿನ ಮುಂಭಾಗಕ್ಕೆ ಕೈಯೂರಿದರು. ಚಿಗವ್ವನ ಭಂಡಾರ ಅಂಗೈಗೆ ಹತ್ತಿತು. ಕಣ್ಣೊರೆಸಿಕೊಂಡಾಗ ಕೆನ್ನೆಗೂ ಹತ್ತಿತು. "ಹಂಗಾದ್ರ ನನ್ನ ಗಾಡ್ಯಾಗ ಯಾಕ ಕೂಡವಲ್ರಿ?" ಎಂದು ಕೇಳಿದರು, ಇಡೀ ದಿನ ಕೇಳಲು ಹೆದರಿದ್ದನ್ನು.

"ಇಬ್ಬರೂ ಹೋದ್ರ ಮನ್ಯಾಗ ಕಸ ಹೊಡೀಬ್ಯಾಡ ಅನ್ನೋರು ಯಾರು?"

ರಾಯರು ಇದನ್ನು ತಮಾಷೆಗೆ ಹೇಳಲಿಲ್ಲ. ಅವರಿಗೆ ಅದು ನಿಜವಾದ ತೊಡಕಾಗಿತ್ತು. ನನಗೆ ನಗು ಬಂತು. "ನಾ ಇದ್ದೀನಲ್ರಿ ರಾಯರ," ಎಂದೆ. "ನಿಮ್ಮ ಕಸಬರಿಗಿ ನಮ್ಮನ್ಯಾಗ ಒಯ್ದು ಇಟ್ಕೊಂತೀನಿ."

ಮರುದಿನ ಬೆಳಿಗ್ಗೆ ರಾಯರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಪೇಪರು ಮಡಚಿ ಬಗಲಲ್ಲಿಟ್ಟುಕೊಂಡು ಕಾರಿನ ಮುಂದಿನ ಸೀಟಿನಲ್ಲಿ ಕೂತರು. ಬೆಲ್ಟು ಹಾಕಲು ಬರಲಿಲ್ಲ, ಆನಂದೀಬಾಯಿ ಬಗ್ಗಿ ಹಾಕಿದರು. ಗಾಡಿ ಚಾಲೂ ಮಾಡಿದರು. ಮತ್ತೆ ಬಂದ್ ಮಾಡಿದರು.

"ಕೇಳ್ರಿ," ಎಂದರು.

"ಏನನ್ನ?"

"ಅವತ್ತ ಕೇಳಿದ್ದನ್ನ."

ರಾಯರು ಕಿಟಕಿಯಿಂದ ನನ್ನ ಕಡೆ ನೋಡಿದರು, ನಾನು ತಮ್ಮನ್ನು ಬಿಡಿಸಲಿ ಎಂಬಂತೆ. ನಾನು ಅಂಗಳದ ಗಿಡದ ಕಡೆ ಮುಖ ಮಾಡಿದೆ. ಅವರು ಬಗಲಲ್ಲಿದ್ದ ಪೇಪರು ತೆಗೆದು ತೊಡೆಯ ಮೇಲಿಟ್ಟರು.

"ಎಲ್ಲಿಗೆ ಹೊಂಟಿ?" ಎಂದರು ರಾಯರು.

"ಮಿರಜಕ್ಕ," ಎಂದರು ಆನಂದೀಬಾಯಿ.

ಹೇಳಿ, ಬಾಗಿಲು ತೆಗೆದು ಇಳಿದು, ಒಳಗೆ ಹೋಗಿ ಕೂತು ತಂಬಿಗೆಯ ನೀರು ಪೂರ್ತಿ ಕುಡಿದರು. ಅವಸರ ಮಾಡಲಿಲ್ಲ. ಈ ಸಲ ತಪ್ಪುವ ಬಸ್ಸು ಇರಲಿಲ್ಲ. ಮಿರಜ ನೋಡಿ, ಅಲ್ಲಿಂದ ಸಂಜೆಯೊಳಗೆ ಹುಬ್ಬಳ್ಳಿಗೆ ಗಾಡಿ ಮುಟ್ಟಿಸಿ, ಬಸ್ಸಿಗೆ ಬರುತ್ತೇವೆ ಎಂದು ಹೇಳಿ ಹೋದರು. ಕಾರು ಅಥಣಿ ರಸ್ತೆಯ ಕಡೆಗೆ ಹೊರಳಿತು. ರಾಯರ ಕೈ ಮೇಲಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿತ್ತು.

ಸ್ವಲ್ಪ ಹೊತ್ತಿಗೆ ನಿರ್ಮಲಾ ಬಂದಳು. "ಇವತ್ತ ಬ್ಯಾಡ," ಎಂದು ಕಸಬರಿಗೆ ಇಸಿದುಕೊಂಡು ನಮ್ಮ ಬಾಗಿಲ ಹಿಂದೆ ಇಟ್ಟೆ. ಅವಳು ಮೊದಲ ಸಲ ನನ್ನ ಎದುರಿಗೆ ನಕ್ಕಳು.

ಮಧ್ಯಾಹ್ನ ರಾಯರ ಫೋನ್ ಬಂತು. "ಚಂದ್ರಕಲಾ, ಮುಟ್ಟಿದಿವಿ," ಎಂದರು. ಗದ್ದಲದ ನಡುವೆ ರೈಲಿನ ಸೀಟಿ ಕೇಳಿಸಿತು. ಅವರು ಊರು ಮುಟ್ಟಿದರಲ್ಲ ಎಂದು ನಾನು ಕಸಬರಿಗೆ ತರಲು ಎದ್ದೆ. ಅಷ್ಟರಲ್ಲಿ ಫೋನಿನಲ್ಲೇ ರಾಯರ ಹಿಂದಿನಿಂದ ಆನಂದೀಬಾಯಿಯ ದನಿ ಬಂತು.

"ಮುಟ್ಟಿಲ್ಲ ಅನ್ರಿ. ಇನ್ನೂ ಮುಂದಕ್ಕ ಹೊಂಟೀವಿ. ಕಸ ಹೊಡೀಬ್ಯಾಡ ಅಂತ ಹೇಳ್ರಿ."

ನಾನು ಕಸಬರಿಗೆಯನ್ನು ಅಲ್ಲೇ ಬಿಟ್ಟು ಬಂದು ಕೂತೆ.